ಕೇಳಿ ಓಡಿದ ದಾರಿ

ಹೆಸಲ್‌ಗಿಲ್, ಯಾರ್ಕ್‌ಷೈರ್
ಭಾನುವಾರ, ೧೧ ಅಕ್ಟೋಬರ್ ೧೯೯೨

ಪ್ರೀತಿಯ ನಾರ್ಮನ್,

ವಿಷಯ ಇಷ್ಟು. ಆಗಸ್ಟ್ ಕೊನೆಯ ವಾರ ಲೋ ಇಂಗ್ಸ್ ಫಾರ್ಮಿನ ಹೊಸ ಯಜಮಾನ ಹೊಳೆದಂಡೆಯ ಗೇಟಿಗೆ ಬೀಗ ಹಾಕಿದ್ದಾನೆ. ಹೆಸರು ವೆರಿಂಡರ್. ಏಮಸ್ ಕವರ್‌ಡೇಲ್ ತೀರಿಕೊಂಡ ಮೇಲೆ ಎಡಿತ್ ಫಾರ್ಮನ್ನು ಇವನಿಗೆ ಮಾರಿ ಚರ್ಚಿನ ಹಿಂದಿನ ಪುಟ್ಟ ಮನೆಗೆ ಬಂದಿದ್ದು ನಿನಗೆ ಗೊತ್ತೇ ಇದೆ. ಗೇಟಿನ ಮೇಲೆ ‘ಖಾಸಗಿ ಜಾಗ, ದಾರಿಯಿಲ್ಲ’ ಎಂಬ ಹಲಗೆ. ಅಕ್ಷರಗಳು ಬಹಳ ಅಚ್ಚುಕಟ್ಟಾಗಿವೆ. ಅದಕ್ಕೇ ಹೆಚ್ಚು ಸಿಟ್ಟು ಬರುತ್ತದೆ.

ನಮ್ಮ ಬುಧವಾರದ ಓಟ ಮುರಿದಿದೆ. ಪೈನ್ ಕಾಡಿನೊಳಗೆ ಹತ್ತಿ, ಬೋಳುಗುಡ್ಡದ ಮೇಲೆ ಬೇಟೆಯವರ ಗುಡಿಸಲಿನ ತನಕ ಹೋಗಿ, ಹೊಳೆಗೆ ಇಳಿಯುವುದೇನೋ ಇಳಿಯುತ್ತೇವೆ. ಇಳಿದ ಮೇಲೆ ಊರಿಗೆ ವಾಪಸು ಬರಲು ಡಾಂಬರು ರಸ್ತೆ ಬಿಟ್ಟರೆ ಏನೂ ಉಳಿದಿಲ್ಲ. ಆ ರಸ್ತೆ ನಿನಗೆ ಗೊತ್ತು. ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಹಾಲಿನ ಟ್ಯಾಂಕರು, ನಾವು ಗೋಡೆಗೆ ಬೆನ್ನು ಅಂಟಿಸಿ ನಿಲ್ಲಬೇಕು. ಚಳಿಗಾಲ ಬಂದರೆ ಹೆಂಗಸರು ಯಾರೂ ಬರುವುದಿಲ್ಲ. ಬಾರದಿದ್ದರೆ ಈ ಗುಂಪು ಮುಗಿಯಿತು.

ಕೌಂಟಿ ಕಚೇರಿಗೆ ಅರ್ಜಿ ಹಾಕಿದ್ದೇನೆ. ಇಪ್ಪತ್ತು ವರ್ಷ ಜನ ಬಹಿರಂಗವಾಗಿ, ಯಾರ ತಡೆಯೂ ಇಲ್ಲದೆ ಬಳಸಿದ ದಾರಿ ಊರಿನ ದಾರಿಯಾಗುತ್ತದಂತೆ. ಯಾರೋ ಅಧಿಕಾರಿ ಬಂದು ಸಭಾಭವನದಲ್ಲಿ ವಿಚಾರಣೆ ನಡೆಸುತ್ತಾರಂತೆ, ಯಾವಾಗ ಎಂದು ದೇವರೇ ಬಲ್ಲ. ನಾವು ಅಲ್ಲಿ ಓಡಲು ಶುರುಮಾಡಿದ್ದು ೧೯೭೦ರಲ್ಲಿ. ಆಗಿನವರಲ್ಲಿ ಉಳಿದಿರುವುದು ನಾನು, ನೀನು. ಅದರಲ್ಲೂ ನೀನು ವಕೀಲರ ಆಫೀಸಿನಲ್ಲಿ ಜೀವಮಾನ ಕಳೆದವನು, ನಿನ್ನ ಹೇಳಿಕೆಗೆ ತೂಕ ಇರುತ್ತದೆ. ಬರೆದು ಕಳಿಸು.

ನನ್ನ ಹೇಳಿಕೆಯಲ್ಲಿ ಪಾರ್ಕಿನ್ ಕೇಕಿನ ವಿಷಯವನ್ನೇ ಮೊದಲು ಬರೆಯುತ್ತೇನೆ. ನವೆಂಬರಿನ ದೊಡ್ಡ ಓಟದ ಹಿಂದಿನ ದಿನ ನಾನು ಶುಂಠಿ, ಓಟ್ಸ್ ಹಾಕಿ ಆ ಕೇಕ್ ಬೇಯಿಸುವುದು, ನೀನು ಅದನ್ನು ಒಯ್ದು ಏಮಸ್‌ನ ಬಾಗಿಲಲ್ಲಿ ನಿಂತು ನಾಳೆ ನಮ್ಮವರು ಹೊಳೆದಂಡೆಯಲ್ಲಿ ಓಡಬಹುದೇ ಎಂದು ಕೇಳಿ ಬರುವುದು. ಒಂದು ವರ್ಷವೂ ತಪ್ಪಲಿಲ್ಲ. ನಾವು ಬೇಲಿ ಹಾರಿ ನುಗ್ಗುವ ಜನ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇದೆಯೆ?

ನಿನ್ನ ಕಾಗದ ಬಂದ ಬುಧವಾರ ಪಬ್ಬಿನಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ. ನಿನ್ನ ಎದೆ ಹೇಗಿದೆ ಎಂದೂ ಬರೆ.

ನಿನ್ನ
ಡೋರೀನ್ ಹಾರ್ಕರ್


ಸ್ಯಾಂಡ್‌ಥಾರ್ಪ್, ಲಿಂಕನ್‌ಷೈರ್
೨೨ ಅಕ್ಟೋಬರ್ ೧೯೯೨

ಪ್ರೀತಿಯ ಡೋರೀನ್,

ಹೇಳಿಕೆ ಇದರ ಜೊತೆಗಿದೆ. ೧೯೭೦ರಿಂದ ನಾನು ಊರು ಬಿಡುವ ತನಕ ಬುಧವಾರಗಳಂದು ಹೊಳೆದಂಡೆಯಲ್ಲಿ ಓಡಿದ್ದೇನೆ, ಹಗಲಲ್ಲೇ ಓಡಿದ್ದೇನೆ, ಯಾರೂ ನನ್ನನ್ನು ವಾಪಸು ಕಳಿಸಿಲ್ಲ. ಇಷ್ಟೇ ಬರೆದಿದ್ದೇನೆ. ಇಷ್ಟು ಸಾಕು.

ಇಲ್ಲಿ ನೆಲ ಮೇಜಿನ ಹಾಗೆ ಚಪ್ಪಟೆ. ಸಮುದ್ರದ ಒಡ್ಡಿನ ಮೇಲೆ ನಡೆಯುತ್ತೇನೆ. ಏರು ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ತಂಗಿ ಐವಿ ಮನೆಯ ಮಹಡಿಯನ್ನೂ ಏರು ಎಂದೇ ಲೆಕ್ಕ ಹಿಡಿದಿದ್ದಾಳೆ.

ರಸ್ತೆ ತಪ್ಪಿಸಲು ಒಂದು ದಾರಿ ಇದೆ. ಗುಡಿಸಲಿನಿಂದ ಹೊಳೆಗೆ ಇಳಿಯಬೇಡಿ, ಕುರಿದೊಡ್ಡಿಯ ಗೋಡೆಯನ್ನು ಎಡಕ್ಕೆ ಇಟ್ಟುಕೊಂಡು ವಾಪಸು ಕಾಡಿಗೆ ಬನ್ನಿ. ಹೀದರ್ ಪೊದೆ ಮೊಣಕಾಲು ಗೀರುತ್ತದೆ, ನಡುವೆ ಕೆಸರಿದೆ. ಒಣಗಿದ ವಾರಗಳಲ್ಲಿ ನಡೆಯುತ್ತದೆ.

ಒಂದು ಮಾತು. ಕೇಕ್ ವಿಷಯವನ್ನು ಹೇಳಿಕೆಯಲ್ಲಿ ಬರೆಯಬೇಡ. ನೀನು ಏನು ಬೇಯಿಸುತ್ತೀ ಎನ್ನುವುದು ಕಚೇರಿಯವರಿಗೆ ಬೇಕಿಲ್ಲ. ಯಾಕೆ ಎಂದು ಕಾಗದದಲ್ಲಿ ಕೇಳಬೇಡ. ಈ ಭಾಗವನ್ನು ಪಬ್ಬಿನಲ್ಲಿ ಓದಬೇಡ.

ನಾರ್ಮನ್ ಬ್ಲೇಡ್ಸ್


ಹೆಸಲ್‌ಗಿಲ್
೫ ನವೆಂಬರ್ ೧೯೯೨

ಪ್ರೀತಿಯ ನಾರ್ಮನ್,

ಓದಬೇಡ ಎನ್ನುವ ಮಾತನ್ನು ಕಾಗದದ ಕೊನೆಗೆ ಬರೆದರೆ ಅದನ್ನು ಓದಿದ ಮೇಲೇ ಗೊತ್ತಾಗುವುದು. ಕಾನೂನು ಓದಿದವನಿಗೆ ಇಷ್ಟು ತಿಳಿಯಬಾರದೆ? ಎಲ್ಲರೂ ನಕ್ಕರು. ಪಬ್ಬಿನ ಲೆನ್ ಟನ್‌ಸ್ಟಾಲ್ ಗ್ಲಾಸು ಒರೆಸುತ್ತಲೇ ತೀರ್ಪು ಕೊಟ್ಟ: “ಇನ್ನೇನಿರತ್ತೆ ಅಕ್ಕಾ, ಕೇಕು ಏಮಸ್ ಮನೆ ಮುಟ್ಟಿಲ್ಲ. ದಾರೀಲೇ ಗೋಡೆ ಮೇಲೆ ಕೂತ್ಕೊಂಡು ಇವನೇ ಮುಗಿಸಿದಾನೆ.”

ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ. ಯಾಕೆಂದರೆ ಶನಿವಾರ ಅಂಗಡಿಯಲ್ಲಿ ಎಡಿತ್ ಸಿಕ್ಕಿದ್ದಳು. ಈ ಸಲ ಪಾರ್ಕಿನ್ ಯಾರಿಗೆ ಕೊಡುವುದೋ ತಿಳಿಯುತ್ತಿಲ್ಲ ಎಂದೆ, ಸುಮ್ಮನೆ ಮಾತಿಗೆ. ಅವಳು ಬೆಣ್ಣೆಯ ಕಡೆ ತಿರುಗಿಕೊಂಡು, “ಅದೆಲ್ಲ ಈಗ್ಯಾಕೆ ಡೋರೀನ್” ಎಂದು ಹೊರಟೇಹೋದಳು. ಎಡಿತ್ ಹಾಗೆ ಹೋಗುವವಳಲ್ಲ.

ನೀನು ಹೇಳಿದೆ ಎಂದು ಕೇಕ್ ಸಾಲುಗಳನ್ನು ತೆಗೆದೇ ಹೇಳಿಕೆ ಕಳಿಸಿದ್ದೇನೆ. ಮನಸ್ಸಿಲ್ಲದೆ ತೆಗೆದೆ. ಈಗ ಹೇಳು, ಕೇಕ್ ಅವರ ಮನೆ ಮುಟ್ಟಿತ್ತೋ ಇಲ್ಲವೋ? ಮುಟ್ಟದಿದ್ದರೂ ನಾನು ಬೈಯುವುದಿಲ್ಲ. ಏನೋ ಇದೆ ಎಂದು ಅನ್ನಿಸುತ್ತಲೇ ಇರುವುದು ನನಗೆ ಆಗದು.

ಕುರಿದೊಡ್ಡಿಯ ದಾರಿಯಲ್ಲಿ ಹೋದೆವು. ಕೆಸರು ಎಂದೆಯಲ್ಲ, ಮೊಣಕಾಲಿನ ತನಕ ಇಳಿಯಿತು. ಯೂನಾಳ ಒಂದು ಬೂಟು ಇನ್ನೂ ಅಲ್ಲೇ ಇದೆ. ಶಾಲೆಯಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುವವಳು, ‘ಜೌಗು ಎಂದರೇನು ಎನ್ನುವುದಕ್ಕೆ ಇನ್ನು ಪುಸ್ತಕ ಬೇಡ’ ಎಂದಳು.

ಡೋರೀನ್


ಸ್ಯಾಂಡ್‌ಥಾರ್ಪ್
೨೮ ನವೆಂಬರ್ ೧೯೯೨

ಡೋರೀನ್,

ಕೇಕ್ ಪ್ರತಿ ವರ್ಷವೂ ಮುಟ್ಟಿದೆ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ನಿನಗೆ ಬರೆದದ್ದು ಚರ್ಚಿನ ಗಂಟೆಗೆ ಹೇಳಿದಂತೆ, ಕಣಿವೆಗೆಲ್ಲ ಕೇಳಿಸುತ್ತದೆ. ಅಂದು ಪಬ್ಬಿನಲ್ಲಿ ಯಾರ್‍ಯಾರಿದ್ದರು? ಗುಂಪಿನವರಲ್ಲದೆ ಬೇರೆ ಯಾರಾದರೂ?

ವೆರಿಂಡರ್‌ನ ವಕೀಲರು ಎಡಿತ್ ಹತ್ತಿರ ಮಾತಾಡಿದ್ದಾರೆಯೇ ಎಂದು ಉಪಾಯವಾಗಿ ತಿಳಿದುಕೋ. ನೇರವಾಗಿ ಕೇಳಬೇಡ.

ಅವರು ನನಗೂ ಬರೆದಿದ್ದರು. ಉತ್ತರ ಕೊಟ್ಟಿದ್ದೇನೆ.

ನಾರ್ಮನ್


ಹೆಸಲ್‌ಗಿಲ್
ಭಾನುವಾರ, ೨೪ ಜನವರಿ ೧೯೯೩

ನಾರ್ಮನ್,

ಯೂನಾ ಆಸ್ಪತ್ರೆಯಲ್ಲಿದ್ದಾಳೆ. ಬುಧವಾರ ಸೇತುವೆಯ ತಿರುವಿನಲ್ಲಿ ಟ್ಯಾಂಕರಿನ ಕನ್ನಡಿ ಭುಜಕ್ಕೆ ಹೊಡೆದದ್ದಕ್ಕೆ ಅವಳು ಗೋಡೆಯ ಮೇಲೆ ಬಿದ್ದಳು. ತೋಳು ಮುರಿದಿದೆ, ಕೊರಳೆಲುಬು ಮುರಿದಿದೆ. ನಾನು ಅವಳ ಮುಂದೆ ಓಡುತ್ತಿದ್ದೆ. ಶಬ್ದ ಕೇಳಿ ಹಿಂದಿರುಗಿ ನೋಡಿದರೆ ಟ್ಯಾಂಕರಿನ ಹುಡುಗ ರಸ್ತೆಯ ನಡುವೆ ಕೂತು ಅಳುತ್ತಿದ್ದ. ಅವನದೇನೂ ತಪ್ಪಿಲ್ಲ. ಆ ತಿರುವಿನಲ್ಲಿ ಇಬ್ಬರಿಗೆ ಜಾಗವಿಲ್ಲ. ಗೋಡೆಯ ಆಚೆ ಹೊಳೆದಂಡೆಯ ದಾರಿ ಖಾಲಿ ಬಿದ್ದಿತ್ತು. ಹುಲ್ಲು ಬೆಳೆದು ಮುಚ್ಚುತ್ತಿದೆ.

ಮುಂದಿನ ಬುಧವಾರ ಓಡಲು ಬರುತ್ತೇವೆ ಎಂದವರು ನಾಲ್ವರು.

ಅಂದು ಪಬ್ಬಿನಲ್ಲಿ ಯಾರಿದ್ದರು ಎಂದು ನೀನು ಕೇಳಿದ್ದೆ. ವೆರಿಂಡರ್‌ನ ಬೇಟೆಹಕ್ಕಿಗಳನ್ನು ಕಾಯುವ ಬೇಟೆಕಾವಲಿನವನು ಕೌಂಟರಿಗೆ ಒರಗಿ ನಿಂತಿದ್ದ. ಅವನು ಎಲ್ಲಿ ವಾಸವಾಗಿದ್ದಾನೆ ಎಂಬುದು ನನಗೆ ತಿಳಿದದ್ದು ಹೋದ ವಾರ. ನಿನ್ನ ಮನೆಯಲ್ಲಿ. ನೀನು ಯಾವುದೋ ಕಂಪನಿಗೆ ಮಾರಿದೆ ಎಂದಿದ್ದೆಯಲ್ಲ, ಆ ಕಂಪನಿ ವೆರಿಂಡರ್‌ದಂತೆ. ನಿನಗೆ ಗೊತ್ತಿತ್ತೆ?

ಅವನ ವಕೀಲರಿಗೆ ಏನು ಉತ್ತರ ಕೊಟ್ಟೆ? ನನಗೆ ಹೇಳದ್ದನ್ನು ಅವರಿಗೆ ಹೇಳಿದ್ದೀಯಾ? ಈ ಕಾಗದಕ್ಕೆ ಬರುವ ಉತ್ತರವನ್ನು ಯಾರಿಗೂ ಓದುವುದಿಲ್ಲ. ಬೇಗ ಬರೆ.

ಡೋರೀನ್


ಹೆಸಲ್‌ಗಿಲ್
೯ ಮೇ ೧೯೯೩

ಮಿಸ್ಟರ್ ಬ್ಲೇಡ್ಸ್ ಅವರಿಗೆ,

ಜನವರಿಯ ನನ್ನ ಕಾಗದಕ್ಕೂ ಮಾರ್ಚಿನ ಕಾರ್ಡಿಗೂ ನಿಮ್ಮಿಂದ ಉತ್ತರ ಬಂದಿಲ್ಲ. ವಿಚಾರಣೆ ಬರುವ ವಸಂತದಲ್ಲಿ ಎಂದು ಕಚೇರಿಯವರು ತಿಳಿಸಿದ್ದಾರೆ. ನೀವು ಎರಡೂ ಕಡೆಯವರಿಗೆ ಹೇಳಿಕೆ ಕೊಟ್ಟಿದ್ದರೆ ನಮ್ಮದನ್ನು ಹಿಂದಕ್ಕೆ ಪಡೆಯುವುದು ಒಳ್ಳೆಯದು ಎಂದು ಗುಂಪಿನವರ ಅಭಿಪ್ರಾಯ.

ಡೋರೀನ್ ಹಾರ್ಕರ್


ಸ್ಯಾಂಡ್‌ಥಾರ್ಪ್
೨೩ ಮೇ ೧೯೯೩

ಡೋರೀನ್,

ಜನವರಿ ಕೊನೆಯಿಂದ ಏಪ್ರಿಲ್ ತನಕ ಆಸ್ಪತ್ರೆಯಲ್ಲಿದ್ದೆ. ಐವಿ ನನಗೆ ಕಾಗದ ಕೊಡುತ್ತಿರಲಿಲ್ಲ, ಉದ್ವೇಗ ಕೂಡದು ಎಂದು. ನಿನ್ನ ಅಕ್ಷರ ನೋಡಿಯೇ ಉದ್ವೇಗ ಎಂದು ಊಹಿಸಿದಳಂತೆ. ಯೂನಾಳ ಸಂಗತಿ ನನಗೆ ತಿಳಿದದ್ದು ಹದಿನೈದು ದಿನದ ಹಿಂದೆ. ಆ ತಿರುವಿನಲ್ಲಿ ಎಲ್ಲರಿಗಿಂತ ಹಿಂದೆ ಓಡುವುದು ನನ್ನ ಕೆಲಸವಾಗಿತ್ತು, ಟ್ಯಾಂಕರಿಗೆ ಕೈ ಎತ್ತಿ ನಿಲ್ಲಿಸಲು. ಈಗ ಯಾರಿಗೂ ಆ ಕೆಲಸ ವಹಿಸಿಲ್ಲವೆಂದು ಕಾಣುತ್ತದೆ.

ಮನೆಯನ್ನು ದಲ್ಲಾಳಿ ಮಾರಿದ. ಕೊಂಡ ಕಂಪನಿ ಯಾರದೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ವಕೀಲರಿಗೆ ನಾನು ಬರೆದದ್ದು ಒಂದೇ ಸಾಲು: ಹೇಳುವುದನ್ನು ವಿಚಾರಣೆಯಲ್ಲಿ ಹೇಳುತ್ತೇನೆ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಈಗ ನನ್ನ ಸರದಿ. ಎಡಿತ್ ಈಸ್ಟರಿಗೆ ಕಾರ್ಡು ಕಳಿಸಿದ್ದಳು. ಅದರಲ್ಲಿ ಒಂದು ಮಾತು: ‘ಡೋರೀನ್ ಲೋ ಇಂಗ್ಸಿಗೆ ಚಹಕ್ಕೆ ಹೋಗಿದ್ದಳು, ಮಿಸ್ಟರ್ ವೆರಿಂಡರ್ ಗೇಟಿನ ತನಕ ಬಂದು ಕಳಿಸಿಕೊಟ್ಟರು.’ ನನ್ನನ್ನು ಮಿಸ್ಟರ್ ಬ್ಲೇಡ್ಸ್ ಎಂದು ಕರೆಯುವವಳು ಇದನ್ನು ಯಾಕೆ ಬರೆಯಲಿಲ್ಲ? ಗುಂಪಿನವರಿಗೆ ಹೇಳಿದ್ದೀಯಾ?

ಅವನು ಏನು ಕೊಡುತ್ತೇನೆಂದ ಎನ್ನುವುದನ್ನು ಊಹಿಸಬಲ್ಲೆ. ಬುಧವಾರಗಳಂದು ಓಡಿ, ಬೀಗ ತೆಗೆಯುತ್ತೇನೆ ಎಂದಿರಬೇಕು. ಗೇಟಿನ ಮೇಲೆ ‘ಯಜಮಾನರ ಅನುಮತಿಯಿಂದ’ ಎಂದು ಇನ್ನೊಂದು ಅಚ್ಚುಕಟ್ಟಾದ ಹಲಗೆ. ಒಪ್ಪಿಕೊಂಡೆಯಾ? ಒಪ್ಪಿದ್ದರೆ ಅಲ್ಲಿಗೆ ಮುಗಿಯಿತು. ಹಕ್ಕಿನಿಂದ ನಡೆದವನಿಗೆ ದಾರಿ ಸಿಗುತ್ತದೆ. ಅನುಮತಿ ಪಡೆದು ನಡೆದವನು ಬರೀ ಅತಿಥಿ. ನೂರು ವರ್ಷ ನಡೆದರೂ ಅತಿಥಿಯೇ. ಆ ಕಾನೂನನ್ನು ನೀನು ಅರ್ಧ ಮಾತ್ರ ಓದಿದ್ದೀ.

ಇದಕ್ಕಿಂತ ಹೆಚ್ಚು ಬರೆಸಬೇಡ.

ನಾರ್ಮನ್


ಹೆಸಲ್‌ಗಿಲ್
೬ ಜೂನ್ ೧೯೯೩

ನಾರ್ಮನ್,

ಚಹಕ್ಕೆ ಹೋಗಿದ್ದು ನಿಜ. ಯಾರಿಗೂ ಹೇಳಲಿಲ್ಲ. ಯೂನಾ ಇನ್ನೂ ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದಳು, ಹೇಗಾದರೂ ಸರಿ ಬೀಗ ತೆಗೆದರೆ ಸಾಕು ಎಂದು ಹೋದೆ. ಅವನು ರಾಕ್ಷಸನೇನಲ್ಲ. ಕುರ್ಚಿಯ ಮೇಲಿನ ನಾಯಿಯನ್ನು ಇಳಿಸಿ ನನ್ನನ್ನು ಕೂರಿಸಿದ. “ಬುಧವಾರ ಬನ್ನಿ ಮಿಸೆಸ್ ಹಾರ್ಕರ್, ನಂಗೇನೂ ತೊಂದ್ರೆ ಇಲ್ಲ. ನಂಗೆ ಬೇಕಾಗಿರೋದು ಇಷ್ಟೆ, ಒಂದ್ಸಲ ಕೇಳಿ” ಎಂದ. ಹಲಗೆಯ ಮಾತನ್ನೂ ಆಡಿದ, ನೀನು ಊಹಿಸಿದ ಹಾಗೇ. ನಾನು ಯೋಚಿಸಿ ಹೇಳುತ್ತೇನೆಂದು ಬಂದೆ. ಯಾವ ಕೆಟ್ಟ ಉದ್ದೇಶವೂ ಕಾಣಲಿಲ್ಲ. ಕೇಳುವುದರಲ್ಲಿ ಏನು ಹೋಯಿತು ಎಂದೇ ಅಂದುಕೊಂಡೆ. ನಿನ್ನ ಕಾಗದ ಬರದಿದ್ದರೆ ಒಪ್ಪಿರುತ್ತಿದ್ದೆನೇನೋ.

ಕಾಗದವನ್ನು ಯಾರಿಗೂ ಓದಲಿಲ್ಲ. ಜೇಬಿನಲ್ಲಿಟ್ಟುಕೊಂಡು ಬೋಳುಗುಡ್ಡಕ್ಕೆ ಒಬ್ಬಳೇ ಓಡಿದೆ. ಕಾಡಿನ ಏರು ಮುಗಿಯುವ ಹೊತ್ತಿಗೆ ಅರ್ಥವಾಯಿತು. ಅಲ್ಲೇ ಕಡಿದ ಮರದ ಬುಡವೊಂದರ ಮೇಲೆ ಕೂತೆ.

ಕೇಕ್. ಅನುಮತಿ ಕೇಳಲು ಕೇಕ್. ಅಲ್ಲವೆ? ನಮ್ಮ ಸಭ್ಯತೆಗೆ ಸಾಕ್ಷಿ ಎಂದು ನಾನು ಎಲ್ಲರ ಮುಂದೆ ಹೊಗಳಿಕೊಂಡದ್ದು ನಾವು ಅತಿಥಿಗಳಾಗಿದ್ದೆವು ಎಂಬುದಕ್ಕೆ ಸಾಕ್ಷಿ. ಬಾಯಿ ಮುಚ್ಚಿಕೊಂಡು ಒರಟಾಗಿ ಓಡಿದ್ದರೆ ದಾರಿ ನಮ್ಮದಾಗುತ್ತಿತ್ತು. ಇದು ಎಂಥ ಕಾನೂನು ನಾರ್ಮನ್? ನಮ್ಮಮ್ಮ ನನಗೆ ಕಲಿಸಿದ್ದು ಒಂದೇ, ಬೇರೆಯವರ ಹೊಲಕ್ಕೆ ಕಾಲಿಡುವ ಮೊದಲು ಬಾಗಿಲು ತಟ್ಟು ಎಂದು.

ನೀನು ಬರೆಯದೆ ಇದ್ದದ್ದು ಯಾಕೆಂದೂ ತಿಳಿಯಿತು. ಬರೆದಿದ್ದರೆ ಆ ಕಾಗದವೇ ಅವರ ಕೈಗೆ ಸಿಗುತ್ತಿತ್ತು. ನಾನು ಅದನ್ನೂ ಪಬ್ಬಿನಲ್ಲಿ ಓದುತ್ತಿದ್ದೆ. ಮಿಸ್ಟರ್ ಬ್ಲೇಡ್ಸ್ ಎಂದು ಬರೆದದ್ದಕ್ಕೆ ನಾಚಿಕೆಯಾಗುತ್ತಿದೆ.

ಆದರೂ ಕೇಳಲೇಬೇಕು. ಕೇಕ್ ಒಯ್ದವನು ನೀನು, ನಾನು ಒಂದು ಸಲವೂ ಜೊತೆಗೆ ಬಂದಿಲ್ಲ. ಬಾಗಿಲಲ್ಲಿ ನೀನು ಏನೆಂದೆ? ಏಮಸ್ ಏನೆಂದ? ಇದ್ದದ್ದನ್ನು ಇದ್ದ ಹಾಗೆ ಬರೆ.

ಡೋರೀನ್


ಸ್ಯಾಂಡ್‌ಥಾರ್ಪ್
೧ ಜುಲೈ ೧೯೯೩

ಪ್ರೀತಿಯ ಡೋರೀನ್,

ಕೇಳಿದ್ದೀ, ಬರೆಯುತ್ತಿದ್ದೇನೆ.

ಮೊದಲ ವರ್ಷ ಕೇಕನ್ನು ಕೈಗೆ ಕೊಟ್ಟು, ನಾಳೆ ನಮ್ಮವರು ಹೊಳೆದಂಡೆಯಲ್ಲಿ ಓಡಬಹುದೇ ಎಂದು ಕೇಳಿದೆ. ಏಮಸ್ ಹೀಗೆಂದ: “ನನ್ನ ಹತ್ರ ಏನ್ ಕೇಳ್ತೀಯ ನಾರ್ಮನ್? ದಾರಿ ನಂದಲ್ಲ, ಕೊಡೋಕೆ ನಾನ್ಯಾರು? ನಮ್ಮಪ್ಪನ ಕಾಲ್ದಿಂದ್ಲೂ ಊರೋರು ಅಲ್ಲೇ ಓಡಾಡ್ತಾ ಬಂದಿದಾರೆ. ಕೇಳೋ ಅವಶ್ಯಕತೆ ಇಲ್ಲ, ಹೋಗು.” ಆ ಮೇಲಿನ ವರ್ಷಗಳಲ್ಲಿ ನಾನು ಕೇಳಲೇ ಇಲ್ಲ. ಕೇಕ್ ಕೊಡುವುದು ನೆರೆಹೊರೆಯ ಸೌಜನ್ಯ, ಅಷ್ಟೇ. ಬಾಗಿಲಲ್ಲಿ ನಾವಿಬ್ಬರೇ ಇದ್ದೆವು. ಎಡಿತ್ ಆ ಹೊತ್ತಿಗೆ ಹಾಲಿನ ಕೋಣೆಯಲ್ಲಿರುತ್ತಿದ್ದಳು.

ಅನುಮತಿ ಕೊಡಲು ಒಪ್ಪದವನು ಅನುಮತಿ ಕೊಟ್ಟ ಹಾಗಾಗಲಿಲ್ಲ. ಯಜಮಾನನೇ ದಾರಿ ಊರಿನದೆಂದು ಒಪ್ಪಿಕೊಂಡ ಹಾಗಾಯಿತು. ಕೇಕ್ ವಿಷಯ ವೆರಿಂಡರ್ ಕಡೆಯವರ ಕಿವಿಗೆ ಬಿದ್ದಿದ್ದರೂ ಈಗ ಹೆದರಬೇಕಿಲ್ಲ.

ಈ ಕಾಗದವನ್ನು ಎಲ್ಲರ ಮುಂದೆ ಓದಬಹುದು. ಬುಧವಾರ ಓದು.

ನಾರ್ಮನ್


ಹೆಸಲ್‌ಗಿಲ್
೧೭ ಅಕ್ಟೋಬರ್ ೧೯೯೩

ಪ್ರೀತಿಯ ನಾರ್ಮನ್,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ಹೇಳುತ್ತೇನೆ. ನಿನ್ನ ಕಾಗದವನ್ನು ಬುಧವಾರ ಓದಲು ತೆಗೆದುಕೊಂಡು ಹೋದೆ. ಲಕೋಟೆ ತೆಗೆದು ಮೇಜಿನ ಮೇಲಿಟ್ಟೆ. ಮತ್ತೆ ಜೇಬಿಗೆ ಹಾಕಿದೆ. ಲೆನ್ ಕೇಳಿದ, “ಯಾಕಕ್ಕಾ, ಇವತ್ತು ವಾರ್ತೆ ಇಲ್ವಾ?” ಇಲ್ಲ ಎಂದೆ.

ನಿನ್ನ ಕಾಗದಗಳಲ್ಲಿ ಓದು ಎಂದು ನೀನೇ ಹೇಳಿದ್ದು ಇದೊಂದೇ. ಅದು ನನಗೆ ಮುಳ್ಳಿನಂತೆ ಚುಚ್ಚಿತು. ಇನ್ನೊಂದು ವಿಷಯವೂ ಇದೆ. ಏಮಸ್ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಅವನ ಹೋರಿಗೆ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದಾಗ ‘ಹೂಂ’ ಎಂದವನು ಅವನು.

ನಿನ್ನ ಮಾತು ಮೀರಿ ಎಡಿತ್ ಹತ್ತಿರ ನೇರವಾಗಿಯೇ ಕೇಳಿದೆ. ಮೊನ್ನೆ ಅವಳ ಮನೆಗೆ ಹೋಗಿದ್ದೆ, ಸೇಬು ಕತ್ತರಿಸುತ್ತಿದ್ದಳು. ನನಗೂ ಒಂದು ಚಾಕು ಕೊಟ್ಟಳು.

“ಎಡಿತ್, ನಾರ್ಮನ್ ಕೇಕ್ ತರ್ತಿದ್ನಲ್ಲ, ಏಮಸ್ ಏನಂತಿದ್ದ?”

“ನೀನು ಯಾವತ್ತಾದ್ರೂ ಕೇಳ್ತೀಯ ಅಂತ ಗೊತ್ತಿತ್ತು. ಅಂಗಡೀಲೂ ಅದಕ್ಕೇ ಓಡ್ಹೋದೆ.”

“ಈಗ ಓಡ್ಬೇಡ. ನಂಗೂ ವಯಸ್ಸಾಯ್ತು, ಅಟ್ಟಿಸ್ಕೊಂಡು ಬರಕ್ಕಾಗಲ್ಲ.”

ಅವಳು ನಕ್ಕಳು, ಆಮೇಲೆ ಸಿಪ್ಪೆ ನೋಡುತ್ತ ಹೇಳಿದಳು. “ನಾರ್ಮನ್ ಟೋಪಿ ತೆಗೆದು ಕೇಳ್ತಿದ್ದ, ಪ್ರತಿ ವರ್ಷ. ಇವರು ‘ಆಗ್ಲಿ, ಗೇಟ್ ಹಾಕ್ಕೊಂಡ್ ಹೋಗಿ’ ಅಂತಿದ್ರು. ನಾನು ಹಿಂದೇನೇ ನಿಂತಿರ್ತಿದ್ದೆ, ಕೇಕ್ ಇಸ್ಕೊಳ್ಳೋಕೆ. ಅವತ್ತು ದಿನವಿಡೀ ಇವರಿಗೆ ಖುಷಿ. ಹೊಲ ಇಟ್ಕೊಂಡೋರ ಮನೆಗೆ ಬಂದು ಕೇಳೋರು ಈಗ ಯಾರಿದಾರೆ, ಅಂತ.”

“ದಾರಿ ನಂದಲ್ಲ ಅಂತ ಯಾವತ್ತಾದ್ರೂ ಅಂದಿದ್ನಾ?”

“ಏಮಸ್ಸಾ? ತನ್ನ ಹೊಲದ ಒಂದು ಮೊಳ ತನ್ನದಲ್ಲ ಅಂತ? ಏನ್ ಹೇಳ್ತೀಯ ಡೋರೀನ್.”

ವಕೀಲರು ಅವಳಲ್ಲಿಗೆ ಬಂದಿದ್ದರಂತೆ. ಕೇಕ್ ಬಗ್ಗೆ ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. “ವಿಚಾರಣೇಲಿ ಕೇಳಿದ್ರೆ ಹೇಳ್ತೀನಿ. ಕೇಳ್ದೇ ಇದ್ರೆ ನಂಗೇನು ಬಾಯಿ ತುರಿಕೆಯಾ? ಆದ್ರೆ ಕೇಳಿದ್ರೆ ಸುಳ್ಳು ಹೇಳಲ್ಲ, ನಿಂಗೋಸ್ಕರಾನೂ ಹೇಳಲ್ಲ” ಎಂದಳು. ಬೇಟೆಕಾವಲಿನವನು ಪಬ್ಬಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದಾನೆ. ಅವರು ಕೇಳಿಯೇ ಕೇಳುತ್ತಾರೆ.

ಯೂನಾ ಮತ್ತೆ ಬರತೊಡಗಿದ್ದಾಳೆ, ಕಾಡಿನೊಳಗೆ ಮಾತ್ರ. ರಸ್ತೆ ಕಾಣುವ ಕಡೆಗೆ ಬರುವುದಿಲ್ಲ. ಹೊಳೆದಂಡೆ ಸಿಕ್ಕರೆ ಬರುತ್ತೇನೆ ಎನ್ನುತ್ತಾಳೆ. ಈ ದಾರಿ ನನಗೆ ಎಷ್ಟು ಬೇಕು ಎಂದು ನಿನಗೆ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ, ಸಿಟ್ಟಾಗಬೇಡ. ನೀನು ಬರೆದದ್ದು ನಿಜವೆ?

ಡೋರೀನ್


ಸ್ಯಾಂಡ್‌ಥಾರ್ಪ್
೯ ಫೆಬ್ರವರಿ ೧೯೯೪

ಡೋರೀನ್,

ವಿಚಾರಣೆ ಮಾರ್ಚ್ ಎಂಟರಂದು ಎಂದು ಕಚೇರಿಯಿಂದ ನನಗೂ ಸೂಚನೆ ಬಂದಿದೆ. ಹಿಂದಿನ ದಿನ, ಸೋಮವಾರದ ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ಐವಿಗೆ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ ಎಂದು ಹೇಳಿದ್ದೇನೆ. ಲೆನ್‌ನ ಪಬ್ಬಿನಲ್ಲಿ ಒಂದು ಕೋಣೆ ಹೇಳಿಡು, ಕೆಳಗಿನದು.

ಏಮಸ್ ಏನೆಂದ ಎಂದು ಅಧಿಕಾರಿ ಕೇಳಲಿ, ಜುಲೈಯಲ್ಲಿ ನಾನು ಬರೆದದ್ದನ್ನೇ ಹೇಳುತ್ತೇನೆ. ವೆರಿಂಡರ್‌ನ ವಕೀಲ ಕೇಳಲಿ, ಅದನ್ನೇ ಹೇಳುತ್ತೇನೆ. ಪ್ರಮಾಣ ಮಾಡು ಎಂದರೆ ಪ್ರಮಾಣ ಮಾಡಿ ಹೇಳುತ್ತೇನೆ. ಬಾಗಿಲಲ್ಲಿದ್ದವರಲ್ಲಿ ಬದುಕಿರುವವನು ನಾನೊಬ್ಬ. ಎಡಿತ್‌ಗೆ ವಯಸ್ಸಾಗಿದೆ, ಮರೆವು ಸಹಜ ಎಂದು ಯಾರಾದರೂ ಒಪ್ಪುತ್ತಾರೆ.

ನಿಜವೆ ಎಂದು ನೀನು ಕೇಳಿದ್ದೀ. ನಿನಗೆ ಉತ್ತರ ಕೊಡುವುದಿಲ್ಲ. ನಾವು ಇಷ್ಟು ವರ್ಷ ಜೊತೆಗೆ ಓಡಿದವರು, ನನ್ನನ್ನು ಹಾಗೆ ಕೇಳಬೇಡ.

ನಾರ್ಮನ್


ಹೆಸಲ್‌ಗಿಲ್
ಶನಿವಾರ, ೫ ಮಾರ್ಚ್ ೧೯೯೪

ಪ್ರೀತಿಯ ನಾರ್ಮನ್,

ಇದನ್ನು ಬೆಳಗಿನ ಅಂಚೆಗೆ ಹಾಕುತ್ತೇನೆ. ಸೋಮವಾರ ನೀನು ಮನೆ ಬಿಡುವ ಮೊದಲು ಕೈಸೇರಬೇಕು.

ನಿನ್ನ ಕಾಗದ ಬಂದು ಮೂರು ವಾರ ಕಳೆದವು. ಮೊದಮೊದಲು ಸಿಟ್ಟು ಬಂತು. ಆಮೇಲೆ ಪಬ್ಬಿನ ಕೋಣೆ ಹೇಳಿಟ್ಟೆ, ಕೆಳಗಿನದೇ. ನೀನು ಎದ್ದು ನಿಂತು ಹೇಳಿದರೆ ಅಧಿಕಾರಿ ನಂಬುತ್ತಾನೆ. ನಿನ್ನ ಮಾತು, ನಿನ್ನ ಕೋಟು, ಎಲ್ಲ ನಂಬುವ ಹಾಗೆ ಇರುತ್ತವೆ. ಬೀಗ ಹೋಗುತ್ತದೆ, ಯೂನಾ ಹೊಳೆದಂಡೆಗೆ ಬರುತ್ತಾಳೆ. ಇದನ್ನೇ ಯೋಚಿಸಿಕೊಂಡು ಕೆಲವು ದಿನ ಸುಖವಾಗಿದ್ದೆ. ಸುಳ್ಳು ಹೇಳುವುದಿಲ್ಲ.

ನಿನ್ನೆ ಸಭಾಭವನದಲ್ಲಿ ಕುರ್ಚಿ ಹಾಕಿ ಬಂದೆವು. ಎಡಿತ್ ಕೂಡ ಬಂದು ಕುರ್ಚಿ ಒರೆಸಿದಳು. ಯಾರು ಯಾವ ಕಡೆ ಎಂದು ಅವಳು ನೋಡಲಿಲ್ಲ. ಅವಳು ಒರೆಸಿದ ಸಾಲಿನಲ್ಲೇ ಮಂಗಳವಾರ ಅವಳನ್ನು ಕೂರಿಸಿ, ಇವಳಿಗೆ ಅರಳುಮರಳು ಎಂದು ನಾವು ಹೇಳಬೇಕು. ನೀನು ಬುಧವಾರ ಲಿಂಕನ್‌ಷೈರಿಗೆ ಹೋಗಿಬಿಡುತ್ತೀ. ನಾನು ಅವಳನ್ನು ಪ್ರತಿ ಶನಿವಾರ ಅಂಗಡಿಯಲ್ಲಿ ನೋಡಬೇಕು.

ಯಾರೋ ಗೊತ್ತಿಲ್ಲದವನ ಮುಂದೆ ಪ್ರಮಾಣ ಮಾಡಿ ಹೇಳಲು ನೀನು ಸಿದ್ಧ, ನನಗೆ ಒಂದು ಸಾಲು ಬರೆದು ಹೇಳಲು ಸಿದ್ಧವಿಲ್ಲ. ಇದರಿಂದ ನನಗೆ ತಿಳಿಯಬೇಕಾದದ್ದು ತಿಳಿಯಿತು. ನನ್ನ ಹತ್ತಿರ ಸುಳ್ಳಾಡಲು ನಿನ್ನಿಂದ ಆಗಲಿಲ್ಲ. ಅದಕ್ಕೆ ನಾನು ಋಣಿ. ಒಂದು ವೇಳೆ ನಾನು ತಪ್ಪು ತಿಳಿದಿದ್ದರೆ, ಏಮಸ್ ನಿಜಕ್ಕೂ ಹಾಗೆ ಹೇಳಿದ್ದರೆ, ಫೋನ್ ಮಾಡಿ ‘ನಿಜ’ ಎಂದು ಒಂದೇ ಮಾತು ಹೇಳು. ನೀನು ಫೋನ್ ಮುಟ್ಟುವವನಲ್ಲ ಎಂದು ಗೊತ್ತು. ಈ ಸಲ ಮುಟ್ಟು. ನೀನು ಫೋನಿನಲ್ಲಿ ಸುಳ್ಳಾಡಿದರೂ ನನಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೇನೆ, ಆದರೆ ಅದನ್ನೂ ಈಗ ಖಚಿತವಾಗಿ ಹೇಳಲಾರೆ.

ಫೋನ್ ಬಾರದಿದ್ದರೆ ಹೀಗೆ. ಸಾಕ್ಷಿಗಳಲ್ಲಿ ನಿನ್ನ ಹೆಸರು ಇಲ್ಲ, ಕಚೇರಿಗೆ ತಿಳಿಸಿದ್ದೇನೆ. ರೈಲು ಹತ್ತಬೇಡ. ಎದೆ ನೋಡಿಕೋ. ಕೇಕ್ ವಿಷಯವನ್ನು ಅವರು ಕೇಳುವ ತನಕ ಕಾಯುವುದಿಲ್ಲ, ಎಡಿತ್ ಬಾಯಿಂದ ಹೊರಡಿಸುವುದೂ ಇಲ್ಲ. ಮೊದಲು ನಾನೇ ಹೇಳುತ್ತೇನೆ. ವರ್ಷಕ್ಕೆ ಒಂದು ದಿನ, ದೊಡ್ಡ ಓಟದ ದಿನಕ್ಕೆ ಮಾತ್ರ ಕೇಳುತ್ತಿದ್ದೆವು ಎನ್ನುತ್ತೇನೆ. ಮಿಕ್ಕ ಬುಧವಾರಗಳಿಗೆ ಯಾರನ್ನೂ ಕೇಳಲಿಲ್ಲ, ಏಮಸ್ ಹೊಲದಿಂದ ಕೈ ಬೀಸುತ್ತಿದ್ದ ಎನ್ನುತ್ತೇನೆ. ಅದು ನಿಜ, ಅದನ್ನು ಎಡಿತ್ ಕೂಡ ಇಲ್ಲವೆನ್ನುವುದಿಲ್ಲ. ಒಂದು ದಿನದ ಅನುಮತಿ ಇಡೀ ವರ್ಷದ ಹಕ್ಕನ್ನು ಮುರಿಯುತ್ತದೋ ಇಲ್ಲವೋ ನನಗೆ ತಿಳಿಯದು. ನಿನಗೆ ತಿಳಿದಿರಬಹುದು. ಮುರಿಯುವುದಿಲ್ಲ ಎನ್ನುವ ಹಾಗಿದ್ದರೆ ನೀನು ಇಷ್ಟೆಲ್ಲ ಕಥೆ ಕಟ್ಟುತ್ತಿರಲಿಲ್ಲ ಎಂಬುದೇ ನನಗಿರುವ ಭಯ.

ಯೂನಾಗೆ ಇನ್ನೂ ಹೇಳಿಲ್ಲ. ನಾಳೆ ಚರ್ಚು ಮುಗಿದ ಮೇಲೆ ಹೇಳುತ್ತೇನೆ. ಅವಳು ನನ್ನ ಮುಖ ನೋಡದೇ ಹೋಗಬಹುದು.

ಮಂಗಳವಾರ ಸಭೆ ಹತ್ತಕ್ಕೆ. ಮೊದಲು ಮಾತಾಡುವವಳು ನಾನು.

ನಿನ್ನ
ಡೋರೀನ್